ಅಲೆಯ ಮೇಲೆ ಜಾರಲು ಕೈಹಲಗೆ: ಸಾಗವಾನಿ ತುಂಡು ಸಾಕೇ?

ಪ್ರಶ್ನೆ: ನಾನು ಬಾಗಲಕೋಟೆಯವನು, ಎಂಜಿನಿಯರಿಂಗ್ ಓದುತ್ತಿದ್ದೇನೆ. ಈಜು ಚೆನ್ನಾಗಿ ಬರುತ್ತದೆ. ಗೋಕರ್ಣಕ್ಕೆ ಹೋದಾಗ ಕೆಲವರು ಅಂಗೈಗೆ ಪುಟ್ಟ ಹಲಗೆ ಕಟ್ಟಿಕೊಂಡು, ಎದೆಯ ಮೇಲೆ ಮಲಗಿದಂತೆ ಅಲೆಯಲ್ಲಿ ಜಾರುತ್ತ ಬರುವುದನ್ನು ನೋಡಿದೆ. ಅದಕ್ಕೆ ಹ್ಯಾಂಡ್‌ಪ್ಲೇನ್ ಅನ್ನುತ್ತಾರಂತೆ. ನಮ್ಮ ಕಾಕಾ ಬಡಿಗತನ ಮಾಡುತ್ತಾರೆ. ಬಾಗಿಲ ಚೌಕಟ್ಟು ಮಾಡಿ ಉಳಿದ ಸಾಗವಾನಿ ತುಂಡುಗಳು ಅವರಲ್ಲಿವೆ. ಅದರಲ್ಲಿ ಮಾಡಿದರೆ ಭಾರವಾಗಿ ಮುಳುಗುತ್ತದೆಯೇ? ಮನೆಯ ಶೇಂಗಾ ಎಣ್ಣೆ ಹಚ್ಚಿದರೆ ನೀರು ತಡೆಯುತ್ತದೆಯೇ? ಆಲಮಟ್ಟಿ ಹಿನ್ನೀರಿನಲ್ಲಿ ಅಭ್ಯಾಸ ಮಾಡಬಹುದೇ?

ಉತ್ತರ: ಮುಳುಗುವ ಚಿಂತೆ ಬಿಡಿ. ಚೆನ್ನಾಗಿ ಒಣಗಿದ ಸಾಗವಾನಿ ಲೀಟರ್ ಗಾತ್ರಕ್ಕೆ ಸುಮಾರು 650 ಗ್ರಾಂ ತೂಗುತ್ತದೆ, ನೀರಿಗಿಂತ ಹಗುರ. ನಿಮಗೆ ಬೇಕಾದ ಹಲಗೆ 14 ಇಂಚು ಉದ್ದ, 8 ಇಂಚು ಅಗಲ, ಕೆತ್ತಿ ಮುಗಿದ ಮೇಲೆ ಮುಕ್ಕಾಲು ಇಂಚು ದಪ್ಪ. ಅದು ನೀರಿನಲ್ಲಿ ಎತ್ತಿ ಹಿಡಿಯುವುದು ಹೆಚ್ಚೆಂದರೆ 500 ಗ್ರಾಂ ಭಾರ. ಎಷ್ಟೇ ಹಗುರ ಮರ ತಂದರೂ ಆ ಲೆಕ್ಕ ಒಂದು ಕೆಜಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮ ಮೈತೂಕದ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಹಾಗಾದರೆ ಹಲಗೆ ಏನು ಮಾಡುತ್ತದೆ? ಅಲೆ ನಿಮ್ಮನ್ನು ಮುಂದಕ್ಕೆ ತಳ್ಳುವಾಗ ನೀರು ಅದರ ತಳಕ್ಕೆ ಓರೆಯಾಗಿ ಬಡಿದು ಮೇಲಕ್ಕೆ ಒತ್ತುತ್ತದೆ. ಕೆರೆಯಲ್ಲಿ ಬೀಸಿ ಎಸೆದ ಚಪ್ಪಟೆ ಕಲ್ಲು ಕುಪ್ಪಳಿಸುತ್ತ ಹೋಗುವುದು ಇದೇ ಬಲದಿಂದ. ಎದೆ ನೀರಿನಿಂದ ಮೇಲೆದ್ದಷ್ಟೂ ನೀರಿನ ಎಳೆತ ತಗ್ಗಿ ವೇಗ ಏರುತ್ತದೆ. ಆದ್ದರಿಂದ ಮರ ಯಾವುದೆಂಬ ಚಿಂತೆಗಿಂತ ತಳದ ಆಕಾರಕ್ಕೆ ಹೆಚ್ಚು ಹೊತ್ತು ಕೊಡಿ. ಮರ ಕೊಳ್ಳುವುದೇ ಆದರೆ ನನ್ನ ಆಯ್ಕೆ ಶಿವನಿ: ಸಾಗವಾನಿಗಿಂತ ಹಗುರ, ಉಳಿಗೆ ಮೆತ್ತಗೆ, ಒಣಗಿದ ಮೇಲೆ ಬಾಗುವುದು ಕಡಿಮೆ. ಬೆಳಗಾವಿ, ಖಾನಾಪುರ ಕಡೆಯ ಸಾ ಮಿಲ್‌ಗಳಲ್ಲಿ ವಿಚಾರಿಸಿ ನೋಡಿ. ಸಿಗದಿದ್ದರೆ ಕಾಕಾ ಅವರ ಸಾಗವಾನಿಯೇ ಇರಲಿ.

ಚೌಕಟ್ಟಿನ ತುಂಡಿಗೆ ದಪ್ಪ ಇರುತ್ತದೆ, ಅಗಲ ಇರುವುದಿಲ್ಲ. ಎರಡನ್ನು ಪಕ್ಕಪಕ್ಕ ಅಂಟಿಸಿಯೇ 8 ಇಂಚು ಮಾಡಬೇಕು. ಸಾಗವಾನಿಯೊಳಗಿನ ಎಣ್ಣೆ ಅಂಟನ್ನು ಕೂರಗೊಡುವುದಿಲ್ಲ. ಅಂಟಿಸುವ ಅಂಚಿಗೆ ಆಗಲೇ ರಂದಾ ಹೊಡೆದು, ಅಸಿಟೋನಿನಲ್ಲಿ ಒರೆಸಿ, ತಡಮಾಡದೆ ಅರಾಲ್ಡೈಟ್‌ನಂಥ ಎಪಾಕ್ಸಿ ಹಚ್ಚಿ ಕ್ಲ್ಯಾಂಪಿನಲ್ಲಿ ಒಂದು ದಿನ ಬಿಗಿಯಿರಿ. ಪೀಠೋಪಕರಣಕ್ಕೆ ಬಳಸುವ ಮಾಮೂಲಿ ಬಿಳಿ ಅಂಟು ಉಪ್ಪುನೀರಿಗೆ ತಾಳುವುದಿಲ್ಲ. ಕಬ್ಬಿಣದ ಮೊಳೆಯಂತೂ ಬೇಡವೇ ಬೇಡ.

ಈಗ ಆಕಾರ. ಒಂದೂವರೆ ಇಂಚು ದಪ್ಪದ ಹಲಗೆಯಿಂದ ಶುರುಮಾಡಿ. ಮುಂದಿನ ಮೂರನೇ ಒಂದು ಭಾಗದಲ್ಲಿ ತಳ ನಿಧಾನವಾಗಿ ಮೇಲೇರುತ್ತ, ಮೂತಿಯ ತುದಿಯಲ್ಲಿ ಮುಕ್ಕಾಲು ಇಂಚು ಎತ್ತರಕ್ಕೆ ಬರಲಿ. ಈ ಏರು ಇಲ್ಲದಿದ್ದರೆ ಮೂತಿ ನೀರಿಗೆ ಹೊಕ್ಕು ಕೈ ಕೆಳಗೆ ಎಳೆಯುತ್ತದೆ, ಭುಜಕ್ಕೆ ಪೆಟ್ಟಾಗುತ್ತದೆ. ನಡುವಿನಿಂದ ಹಿಂದಕ್ಕೆ ತಳದಲ್ಲಿ 3-4 ಮಿಲಿಮೀಟರ್ ಆಳದ ತಗ್ಗು ಕೆತ್ತಿ. ನೀರು ಪಕ್ಕಕ್ಕೆ ಚೆಲ್ಲದೆ ಹಿಂದಕ್ಕೆ ಹರಿದು ಒತ್ತಡ ನಿಲ್ಲುತ್ತದೆ. ಮುಂದಿನ ಅಂಚೆಲ್ಲ ದುಂಡಗಿರಲಿ. ಹಿಂದಿನ ಕೆಳ ಅಂಚನ್ನು ಮಾತ್ರ ದುಂಡು ಮಾಡಬೇಡಿ, ನೀರು ಅಲ್ಲಿ ತಟ್ಟನೆ ಬಿಟ್ಟುಹೋಗಬೇಕು. ಹಾಗೆಂದು ಚರ್ಮ ಕೊಯ್ಯುವಷ್ಟು ಚೂಪೂ ಬೇಡ. ಕಡೆಗೆ 80, 120, 220 ನಂಬರಿನ ಪಾಲಿಶ್ ಪೇಪರ್ ಸಾಲಾಗಿ ಉಜ್ಜಿ. ಸಾಗವಾನಿಯ ಪುಡಿ ಮೂಗು, ಕಣ್ಣು ಉರಿಸುತ್ತದೆ, ಮಾಸ್ಕ್ ಇರಲಿ.

ಶೇಂಗಾ ಎಣ್ಣೆ ಬೇಡ. ಅದು ಒಣಗುವ ಜಾತಿಯದಲ್ಲ; ಮರದ ಮೇಲೆ ಜಿಗಿಜಿಗಿ ಉಳಿದು ಕಮಟು ಹಿಡಿಯುತ್ತದೆ. ನಮ್ಮ ಎರೆಹೊಲದ ಅಗಸಿ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಅದರ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪೊರೆಯಾಗುತ್ತವೆ. ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು, ಆದ್ದರಿಂದ ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್ ತನ್ನಿ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ. ದಿನಕ್ಕೊಂದರಂತೆ ನಾಲ್ಕು ಸಲ. ಎಳೆ ಕತ್ತರಿಸಿದ ತುದಿಗಳಿಗೆ ಒಂದು ಸಲ ಹೆಚ್ಚು, ನೀರು ಮೊದಲು ನುಗ್ಗುವುದು ಅಲ್ಲೇ.

ಒಂದು ಎಚ್ಚರಿಕೆಯನ್ನು ಕಾಕಾ ಅವರಿಗೂ ಓದಿ ಹೇಳಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಒರೆಸಿದ ಅರಿವೆಯನ್ನು ಉಂಡೆಮಾಡಿ ಮೂಲೆಗೆ ಎಸೆದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಹೊಟ್ಟು, ಸಿಪ್ಪೆ ತುಂಬಿದ ಬಡಿಗೇರ ಅಂಗಡಿಯಲ್ಲಿ ಅದು ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಅರಿವೆಯನ್ನು ನೀರಲ್ಲಿ ಅದ್ದಿಡಿ, ಇಲ್ಲವೇ ಬಯಲಲ್ಲಿ ಒಂಟಿಯಾಗಿ ಹರಡಿ ಒಣಗಿಸಿ.

ಪಟ್ಟಿಗೆ ಹಳೆಯ ಕಾರಿನ ಟ್ಯೂಬಿನ ಎರಡು ಇಂಚು ಅಗಲದ ತುಂಡು ಸಾಕು. ನಡುವಿಗಿಂತ ತುಸು ಹಿಂದೆ, ಎರಡೂ ಬದಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮತ್ತು ವಾಶರ್ ಹಾಕಿ ಕೂರಿಸಿ. ಸ್ಕ್ರೂ ತಳದಿಂದ ಹೊರಬರದಷ್ಟು ಗಿಡ್ಡ ಇರಲಿ. ಒಮ್ಮೆ ಜಗ್ಗಿದರೆ ಕೈ ಬಿಡಿಸಿಕೊಳ್ಳುವಂತಿರಬೇಕು. ಮಣಿಕಟ್ಟಿಗೆ ಬಿಗಿದು ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಆಲಮಟ್ಟಿ ಹಿನ್ನೀರು ಈ ಕೆಲಸಕ್ಕೆ ಬಾರದು. ತಳ್ಳುವ ಅಲೆಯೇ ಇಲ್ಲದ ಮೇಲೆ ಹಲಗೆ ಏಳುವುದು ಹೇಗೆ? ಅಲ್ಲದೆ ಮುಳುಗಡೆಯಾದ ಗೋಡೆ, ಗಿಡದ ಬೊಡ್ಡೆ, ಮೀನಿನ ಬಲೆ ಎಲ್ಲಿವೆಯೋ ಮೇಲಿನಿಂದ ಕಾಣುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಎಣ್ಣೆ ಪೂರ್ತಿ ಒಣಗಿದ ಮೇಲೆ ತೂಗಿ, ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ತೂಕ ಕಣ್ಣಿಗೆ ಕಾಣುವಷ್ಟು ಏರಿದ್ದರೆ ನೆರಳಲ್ಲಿ ಒಣಗಿಸಿ ಇನ್ನೆರಡು ಸಲ ಎಣ್ಣೆ ಹಚ್ಚಿ. ನಮ್ಮೂರ ಬೇಸಿಗೆಯ ಬಿಸಿಲಿಗಿಟ್ಟರೆ ಸೀಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರಕ್ಕೆ ಇಳಿಯಲೇಬೇಡಿ. ಉಳಿದ ತಿಂಗಳಲ್ಲೂ ಜೀವರಕ್ಷಕರಿರುವ ಕಡೆ, ಜೊತೆಗೊಬ್ಬರನ್ನು ಕರೆದುಕೊಂಡೇ ಇಳಿಯಿರಿ. ಕೆರೆ, ಹೊಳೆಯ ಈಜಿಗೂ ಕಡಲಿನ ಈಜಿಗೂ ಬಹಳ ಅಂತರ. ನೀರು ಒಳಕ್ಕೆ ಸೆಳೆದರೆ ಅದಕ್ಕೆದುರಾಗಿ ಈಜದೆ ದಡಕ್ಕೆ ಸಮಾನಾಂತರವಾಗಿ ಸಾಗಿ ಸೆಳೆತದಿಂದ ಹೊರಬನ್ನಿ. ಮೊದಲು ಬರಿಗೈಯಲ್ಲಿ ಅಲೆ ಹಿಡಿಯುವುದನ್ನು ಕಲಿತು ಆಮೇಲೆ ಹಲಗೆ ತೊಡಿ. ಕಾಲಿಗೆ ಈಜುರೆಕ್ಕೆ ಇದ್ದರೆ ಅಲೆಯ ವೇಗಕ್ಕೆ ಸರಿಗಟ್ಟುವುದು ಸುಲಭ. ಹಲಗೆಯ ಕೈಯನ್ನು ತಲೆಯ ಮುಂದೆ ಚಾಚಿ, ದಡಕ್ಕೆ ನೇರವಾಗಿ ನುಗ್ಗದೆ ಓರೆಯಾಗಿ ಜಾರಿ. ಮೊದಮೊದಲಿಗೆ ಸೊಂಟದೆತ್ತರದ ಅಲೆ ಧಾರಾಳವಾಯಿತು.