ತೆಗೆದರೂ ಮತ್ತೆ ಬರುವ ಬ್ರೌಸರ್ ಜಾಹೀರಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

(ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ.)

ಪ್ರಶ್ನೆ: ಪರದೆಯ ಬಲ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ’ ಎಂಬ ಸಂದೇಶ ಪದೇ ಪದೇ ಏಳುತ್ತದೆ. ಆಂಟಿವೈರಸ್ ಓಡಿಸಿದರೆ ಏನೂ ಇಲ್ಲ ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಆಂಟಿವೈರಸ್ಸನ್ನೇ ನಂಬಿ. ನೀವು ನೋಡುತ್ತಿರುವುದು ಬ್ರೌಸರಿನ ನೋಟಿಫಿಕೇಶನ್. ‘ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಜಾಲತಾಣ ಕೇಳಿರುತ್ತದೆ, ನೀವು ಒತ್ತಿರುತ್ತೀರಿ. ನಿಜವಾದ ರೋಬೋ ಪರೀಕ್ಷೆಗೆ ನೋಟಿಫಿಕೇಶನ್ ಅನುಮತಿ ಬೇಕಾಗುವುದೇ ಇಲ್ಲ. ಸಂದೇಶವನ್ನು ಗಮನಿಸಿದರೆ ಬ್ರೌಸರಿನ ಹೆಸರೂ ಅದನ್ನು ಕಳಿಸಿದ ತಾಣದ ವಿಳಾಸವೂ ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ಆ ವಿಳಾಸ ಬರೆದಿಟ್ಟುಕೊಳ್ಳಿ, ಸಂದೇಶದ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಒಳಗೆ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತು ಸಿಗದ್ದನ್ನೆಲ್ಲ ‘ಬ್ಲಾಕ್’ ಮಾಡಿ. ‘ರಿಮೂವ್’ ಮಾಡಿದರೆ ಅದೇ ತಾಣ ಇನ್ನೊಮ್ಮೆ ಕೇಳಬಹುದು. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲೂ ಸೈಟ್ ಅನುಮತಿಗಳ ಕೆಳಗೆ ಇಂಥದ್ದೇ ಪಟ್ಟಿ ಇದೆ. ಕ್ರೋಮ್ ಮುಚ್ಚಿದ ಮೇಲೂ ಸಂದೇಶ ಬರುತ್ತಿದ್ದರೆ ಅದು ಹಿನ್ನೆಲೆಯಲ್ಲಿ ಓಡುತ್ತಲೇ ಇದೆ ಎಂದರ್ಥ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್‌ಗಳ ಗುಂಡಿಯನ್ನು ಆಫ್ ಮಾಡಿ.

ಪ್ರಶ್ನೆ: ಯಾವ ಪುಟ ತೆರೆದರೂ ಜಾಹೀರಾತು. ಇದು ಜಾಲತಾಣದವರ ಕೆಲಸವೋ, ನನ್ನ ಕಂಪ್ಯೂಟರಿನ ದೋಷವೋ?

ಉತ್ತರ: ವಿಕಿಪೀಡಿಯ ತೆರೆದು ನೋಡಿ. ಅದು ಜಾಹೀರಾತು ಹಾಕುವುದಿಲ್ಲ. ದೇಣಿಗೆಯ ಮನವಿ ಬಿಟ್ಟು ಬೇರೆ ಜಾಹೀರಾತು ಅಲ್ಲಿ ಕಂಡರೆ ಅದು ನಿಮ್ಮ ಕಡೆಯಲ್ಲೇ ಸೇರಿಕೊಂಡದ್ದು.

ಆಮೇಲೆ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ (ಹಿಸ್ಟರಿ ಉಳಿಸದ ಖಾಸಗಿ) ಕಿಟಕಿಯಲ್ಲಿ ಅದೇ ಪುಟ ತೆರೆಯಿರಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ಓಡುವುದಿಲ್ಲ. ಜಾಹೀರಾತು ಮಾಯವಾದರೆ ಕಳ್ಳ ಎಕ್ಸ್‌ಟೆನ್ಶನ್ನೇ ಇರಬೇಕು. ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ‘ಇದು ವರ್ಷಗಳಿಂದ ಇದೆ, ಒಳ್ಳೆಯದು’ ಎಂದು ಯಾವುದನ್ನೂ ಬಿಡಬೇಡಿ. ಎಕ್ಸ್‌ಟೆನ್ಶನ್‌ಗಳು ಕೈ ಬದಲಾಗುತ್ತವೆ, ಹೊಸ ಮಾಲೀಕನ ಕೋಡ್ ಅಪ್‌ಡೇಟ್ ಆಗಿ ಸದ್ದಿಲ್ಲದೆ ಬರುತ್ತದೆ. ಬಹಳ ಜನಪ್ರಿಯವಾಗಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಹೀಗೆಯೇ ಕೈ ಬದಲಾಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು.

ಇನ್‌ಕಾಗ್ನಿಟೊದಲ್ಲೂ ಕಾಟ ಇದೆಯೇ? ಇನ್ನೊಂದು ಬ್ರೌಸರಿನಲ್ಲಿ ನೋಡಿ. ಅಲ್ಲೂ ಇದ್ದರೆ ವಿಂಡೋಸಿನಲ್ಲೇ ಏನೋ ಕೂತಿದೆ. ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಆಂಡ್ ಇಂಟರ್ನೆಟ್’, ‘ಪ್ರಾಕ್ಸಿ’ ತೆರೆಯಿರಿ. ನೀವು ಹಾಕದ ಪ್ರಾಕ್ಸಿ ಸರ್ವರ್ (ನಿಮ್ಮ ಇಂಟರ್ನೆಟ್ ಸಂಚಾರ ಹಾದುಹೋಗುವ ಮಧ್ಯವರ್ತಿ ಕಂಪ್ಯೂಟರ್) ಅಥವಾ ಸೆಟಪ್ ಸ್ಕ್ರಿಪ್ಟ್ ಅಲ್ಲಿದ್ದರೆ ಆಫ್ ಮಾಡಿ. ಅದೇ ವೈಫೈಯಲ್ಲಿರುವ ಫೋನಿಗೂ ಕಾಟ ತಗುಲಿ, ಮೊಬೈಲ್ ಡೇಟಾಕ್ಕೆ ಬದಲಾಯಿಸಿದೊಡನೆ ನಿಂತರೆ, ಅನುಮಾನ ರೌಟರಿನ ಡಿಎನ್ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲೆ. ರೌಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಫರ್ಮ್‌ವೇರ್ (ರೌಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ಅಪರೂಪ.

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕಿದರೆ ಇನ್ಯಾವುದೋ ಸರ್ಚ್ ಪುಟಕ್ಕೆ ಹೋಗುತ್ತದೆ. ಅನುಮಾನದ ಎಕ್ಸ್‌ಟೆನ್ಶನ್ ಸಿಕ್ಕಿದೆ, ಆದರೆ ‘ರಿಮೂವ್’ ಗುಂಡಿಯೇ ಇಲ್ಲ. ಮೂರು ಚುಕ್ಕೆಯ ಮೆನುವಿನ ತಳದಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದಿದೆ. ಇದು ನನ್ನ ಸ್ವಂತ ಕಂಪ್ಯೂಟರ್. ಕ್ರೋಮ್ ತೆಗೆದು ಮತ್ತೆ ಹಾಕಿದರೂ ಅದೇ ಕಥೆ.

ಉತ್ತರ: ಮತ್ತೆ ಹಾಕಿ ಪ್ರಯೋಜನವಿಲ್ಲ. ಕಟ್ಟಪ್ಪಣೆ ಇರುವುದು ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ ಬರೆದಿಡುವ ಜಾಗ), ಕ್ರೋಮ್ ಅದನ್ನು ಓದಿ ಪಾಲಿಸುತ್ತಿದೆ ಅಷ್ಟೆ. ಕಂಪನಿಗಳು ನೌಕರರ ಕಂಪ್ಯೂಟರಿಗೆ ನಿಯಮ ಹಾಕಲೆಂದು ಇರುವ ಸೌಲಭ್ಯವನ್ನು ಆ್ಯಡ್‌ವೇರ್ (ಬೇಡದ ಜಾಹೀರಾತು ತೋರಿಸುವ ಪ್ರೋಗ್ರಾಂ) ಬಳಸಿಕೊಂಡಿದೆ. ಕಂಪ್ಯೂಟರ್ ನಿಜವಾಗಿ ಕಚೇರಿಯದಾಗಿದ್ದರೆ ಮುಂದಿನದ್ದೇನನ್ನೂ ಮಾಡಬೇಡಿ. ಕೆಲವು ಆಂಟಿವೈರಸ್‌ಗಳೂ ಇಂಥ ನಿಯಮ ಬರೆಯುತ್ತವೆ, ಆದ್ದರಿಂದ ಆ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ.

ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರುವ ಪುಟದಲ್ಲಿ ‘ಎಕ್ಸ್‌ಟೆನ್ಶನ್‌ಇನ್‌ಸ್ಟಾಲ್‌ಫೋರ್ಸ್‌ಲಿಸ್ಟ್’ ಇದೆಯೇ ನೋಡಿ. ಅದರ ಎದುರು 32 ಅಕ್ಷರಗಳ, ಎ ಯಿಂದ ಪಿ ವರೆಗಿನ ಅಕ್ಷರಗಳನ್ನಷ್ಟೇ ಬಳಸಿದ ಗುರುತು ಇರುತ್ತದೆ. ಎಕ್ಸ್‌ಟೆನ್ಶನ್ ಪುಟದಲ್ಲಿ ‘ಡೆವಲಪರ್ ಮೋಡ್’ ಆನ್ ಮಾಡಿದರೆ ಪ್ರತಿಯೊಂದರ ಐಡಿ ಕಾಣುತ್ತದೆ. ಎರಡನ್ನೂ ಹೋಲಿಸಿದರೆ ಬಲವಂತವಾಗಿ ಕೂತದ್ದು ಯಾವುದೆಂದು ಖಚಿತವಾಗುತ್ತದೆ. ‘ಡಿಫಾಲ್ಟ್‌ಸರ್ಚ್‌ಪ್ರೊವೈಡರ್’ ಎಂದು ಶುರುವಾಗುವ ಸಾಲುಗಳಿದ್ದರೆ ಸರ್ಚ್ ಎಂಜಿನ್ ಬದಲಾದ ಕಾರಣವೂ ಅದೇ.

ಇನ್ನು ಅಳಿಸುವ ಅನುಕ್ರಮ. ಹೆಚ್ಚಿನವರು ಎಡವುವುದು ಇಲ್ಲೇ. ರಿಜಿಸ್ಟ್ರಿಯ ಸಾಲನ್ನು ಮೊದಲು ಅಳಿಸಿದರೆ, ಅದನ್ನು ಬರೆದ ಪ್ರೋಗ್ರಾಂ ಮುಂದಿನ ಲಾಗಿನ್‌ನಲ್ಲಿ ಮತ್ತೆ ಬರೆಯುತ್ತದೆ. ಹಾಗಾಗಿ ಮೊದಲು ಕ್ರೋಮ್ ಖಾತೆಯ ಸಿಂಕ್ ನಿಲ್ಲಿಸಿ, ಇಲ್ಲದಿದ್ದರೆ ಕೆಟ್ಟ ಸೆಟ್ಟಿಂಗ್ ಖಾತೆಯ ಮೂಲಕವೇ ವಾಪಸಾಗಬಹುದು. ಬಳಿಕ ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ಡ್ ಆ್ಯಪ್ಸ್’ (ವಿಂಡೋಸ್ 10ರಲ್ಲಿ ‘ಆ್ಯಪ್ಸ್ ಆಂಡ್ ಫೀಚರ್ಸ್’) ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಕಾಟ ಶುರುವಾದ ಆಸುಪಾಸಿನಲ್ಲಿ ಬಂದ ಅಪರಿಚಿತ ಪ್ರೋಗ್ರಾಂಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ‘ಟಾಸ್ಕ್ ಶೆಡ್ಯೂಲರ್’ (ಪ್ರೋಗ್ರಾಂಗಳನ್ನು ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ವಿಂಡೋಸ್ ಸಾಧನ) ತೆರೆಯಿರಿ. ‘ಆ್ಯಕ್ಷನ್ಸ್’ ಟ್ಯಾಬಿನಲ್ಲಿ ‘ಪವರ್‌ಶೆಲ್’ (ವಿಂಡೋಸಿಗೆ ಆದೇಶ ಬರೆದು ಕೊಡುವ ಸಾಧನ) ಜೊತೆ ಅರ್ಥವಾಗದ ಉದ್ದದ ಅಕ್ಷರಸಾಲು, ಅಥವಾ ‘ಆ್ಯಪ್‌ಡೇಟಾ’ ಫೋಲ್ಡರಿನಿಂದ ಓಡುವ ವಿಚಿತ್ರ ಹೆಸರಿನ ಫೈಲು ಇದ್ದರೆ ಅನುಮಾನಿಸಿ. ಆದರೆ ಎಷ್ಟೋ ಒಳ್ಳೆಯ ಪ್ರೋಗ್ರಾಂಗಳೂ ಆ್ಯಪ್‌ಡೇಟಾದಿಂದಲೇ ಓಡುತ್ತವೆ. ಆದ್ದರಿಂದ ಒಮ್ಮೆಲೇ ಅಳಿಸದೆ ‘ಡಿಸೇಬಲ್’ ಮಾಡಿ, ಫೈಲಿನ ಜಾಗ ಗುರುತು ಹಾಕಿಕೊಳ್ಳಿ.

ಈಗ ಕ್ರೋಮ್ ಪೂರ್ತಿ ಮುಚ್ಚಿ ‘ರಿಜಿಸ್ಟ್ರಿ ಎಡಿಟರ್’ಗೆ ಹೋಗಿ. ‘ಎಚ್‌ಕೀ ಲೋಕಲ್ ಮಷೀನ್’, ‘ಸಾಫ್ಟ್‌ವೇರ್’, ‘ಪಾಲಿಸೀಸ್’, ‘ಗೂಗಲ್’, ‘ಕ್ರೋಮ್’ ಎಂಬ ದಾರಿ ಹಿಡಿಯಿರಿ. ಇದೇ ದಾರಿ ‘ಎಚ್‌ಕೀ ಕರೆಂಟ್ ಯೂಸರ್’ ಕೆಳಗೂ ಇರಬಹುದು, ಎರಡನ್ನೂ ನೋಡಬೇಕು. ಕ್ರೋಮ್ ಕೀಯನ್ನು ರೈಟ್‌ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಕೊಟ್ಟು ಒಂದು ಪ್ರತಿ ಉಳಿಸಿ, ಆಮೇಲೆ ಪಾಲಿಸಿ ಪುಟದಲ್ಲಿ ಕಂಡ ಕೆಟ್ಟ ಸಾಲುಗಳನ್ನು ಅಳಿಸಿ. ‘ಪಾಲಿಸೀಸ್’ ಎಂಬ ಪದವಿಲ್ಲದ ದಾರಿಯಲ್ಲಿ ಕೈಯಾಡಿಸಬೇಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಪಾಲಿಸಿ ಪುಟವನ್ನು ಮತ್ತೆ ನೋಡಿ. ಖಾಲಿ ಇದ್ದರೆ ಆ ಎಕ್ಸ್‌ಟೆನ್ಶನ್ ತಾನಾಗಿಯೇ ಹೋಗಿರುತ್ತದೆ, ಹೋಗದಿದ್ದರೆ ಈಗ ರಿಮೂವ್ ಮಾಡಬಹುದು. ಸಾಲು ಮತ್ತೆ ಹುಟ್ಟಿದ್ದರೆ ಬರೆಯುವವನು ಇನ್ನೂ ಜೀವಂತ ಇದ್ದಾನೆ: ಮೈಕ್ರೋಸಾಫ್ಟ್‌ನದೇ ಆದ ‘ಆಟೋರನ್ಸ್’ ಎಂಬ ಉಚಿತ ಸಾಧನ, ತಾನಾಗಿ ಶುರುವಾಗುವ ಪ್ರತಿಯೊಂದನ್ನೂ ಒಂದೇ ಕಡೆ ತೋರಿಸುತ್ತದೆ.

ಪ್ರಶ್ನೆ: ಐಕಾನ್ ಒತ್ತಿ ಬ್ರೌಸರ್ ತೆರೆದಾಗ ಮಾತ್ರ ಬೇಡದ ಪುಟ ಬರುತ್ತದೆ. ಹೋಮ್‌ಪೇಜ್ ಸೆಟ್ಟಿಂಗ್ ಸರಿಯಾಗೇ ಇದೆ.

ಉತ್ತರ: ಐಕಾನಿನ ‘ಪ್ರಾಪರ್ಟೀಸ್’ನಲ್ಲಿ ‘ಟಾರ್ಗೆಟ್’ ನೋಡಿ. ಕೊನೆಯಲ್ಲಿ ಜಾಲತಾಣದ ವಿಳಾಸ ಅಂಟಿದ್ದರೆ ಅಷ್ಟನ್ನು ಮಾತ್ರ ಅಳಿಸಿ. ‘ಪ್ರೊಫೈಲ್ ಡೈರೆಕ್ಟರಿ’ ಎಂಬ ಬಾಲ ಇದ್ದರೆ ಅದು ಕ್ರೋಮ್‌ನದೇ, ಇರಲಿ. ಟಾಸ್ಕ್‌ಬಾರ್ ಮತ್ತು ಡೆಸ್ಕ್‌ಟಾಪ್ ಐಕಾನುಗಳು ಬೇರೆ ಬೇರೆ ಶಾರ್ಟ್‌ಕಟ್‌ಗಳು, ಎರಡನ್ನೂ ನೋಡಬೇಕು.

ಪ್ರಶ್ನೆ: ಇಷ್ಟೆಲ್ಲ ಬೇಡ, ಒಂದೇ ಕ್ಲಿಕ್ಕಿನಲ್ಲಿ ತೆಗೆಯುವ ಸಾಧನ ಇಲ್ಲವೇ?

ಉತ್ತರ: ಮಾಲ್‌ವೇರ್‌ಬೈಟ್ಸ್ ಕಂಪನಿಯ ‘ಆ್ಯಡ್‌ಡಬ್ಲ್ಯುಕ್ಲೀನರ್’ ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ, ಇಂಥದ್ದಕ್ಕೆಂದೇ ಮಾಡಿದ್ದು. ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಸಿಕ್ಕಿದ್ದರ ಪಟ್ಟಿಯನ್ನು ಓದಿ, ಆಮೇಲೆ ‘ಕ್ವಾರಂಟೈನ್’ ಒತ್ತಿ. ‘ವಿಂಡೋಸ್ ಸೆಕ್ಯುರಿಟಿ’ಯ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಇದೆಯೇ ನೋಡಿ. ಆಫ್ ಇದ್ದರೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಎಷ್ಟೋ ಆ್ಯಡ್‌ವೇರ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಹಳೆಯ ಲೇಖನಗಳು ಹೇಳುವ ಕ್ರೋಮ್ ಒಳಗಿನ ಕ್ಲೀನಪ್ ಸಾಧನವನ್ನು ಹುಡುಕಬೇಡಿ, ಗೂಗಲ್ ಅದನ್ನು 2023ರಲ್ಲಿ ನಿಲ್ಲಿಸಿದೆ.

ಆ್ಯಡ್‌ವೇರಿನ ಹೆಸರನ್ನೇ ಹುಡುಕಿದಾಗ ಸಿಗುವ ‘ತೆಗೆಯುವ ವಿಧಾನ’ದ ಪುಟಗಳಲ್ಲಿ ಬಹಳಷ್ಟು ತಮ್ಮ ಸ್ಕ್ಯಾನರ್ ಮಾರುವುದಕ್ಕೇ ಬರೆದಂಥವು. ರಿಜಿಸ್ಟ್ರಿ ಕ್ಲೀನರ್‌ಗಳಂತೂ ಬೇಡವೇ ಬೇಡ.

ಎಲ್ಲ ಮುಗಿದ ಮೇಲೆ ಕ್ರೋಮ್‌ನ ‘ರೀಸೆಟ್ ಸೆಟ್ಟಿಂಗ್ಸ್’ ಒಮ್ಮೆ ಕೊಡಿ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಉಳಿಯುತ್ತವೆ. ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ಕುಕೀಗಳು (ನೀವು ಲಾಗಿನ್ ಆಗಿರುವುದನ್ನು ತಾಣಗಳು ನೆನಪಿಡಲು ಬಳಸುವ ಪುಟ್ಟ ಕಡತಗಳು) ಹೋಗುತ್ತವೆ, ಅಂದರೆ ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕು.

ಪ್ರಶ್ನೆ: ಜಾಹೀರಾತು ನಿಂತಿದೆ. ಪಾಸ್‌ವರ್ಡ್ ಬದಲಿಸಬೇಕೇ?

ಉತ್ತರ: ಬರೀ ನೋಟಿಫಿಕೇಶನ್ ಕಾಟವಾಗಿದ್ದರೆ, ಆ ಸಂದೇಶ ಒತ್ತಿ ಏನನ್ನೂ ಟೈಪ್ ಅಥವಾ ಡೌನ್‌ಲೋಡ್ ಮಾಡಿರದಿದ್ದರೆ ಬೇಕಿಲ್ಲ. ಎಲ್ಲ ತಾಣಗಳ ಮಾಹಿತಿಯನ್ನು ಓದಿ ಬದಲಿಸುವ ಅನುಮತಿ ಇದ್ದ ಎಕ್ಸ್‌ಟೆನ್ಶನ್ ಆಗಿದ್ದರೆ ಬದಲಿಸಿ: ನೀವು ಟೈಪ್ ಮಾಡಿದ್ದನ್ನು ನೋಡುವ ಶಕ್ತಿ ಅದಕ್ಕಿತ್ತು. ಮೊದಲು ಇಮೇಲ್, ನಂತರ ಬ್ಯಾಂಕ್, ಅದೂ ಬೇರೆ ಶುದ್ಧ ಸಾಧನದಿಂದ. ಜೊತೆಗೆ ಖಾತೆಯಲ್ಲಿ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಿ. ಕದ್ದ ಕುಕೀ ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು.