ಒತ್ತು ಎಲ್ಲಿ ಹೋಯಿತು? – ಫಾಂಟ್ ಪ್ರಶ್ನೋತ್ತರ

ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಜಿಸಬ್, ಓಎಸ್/2 ಎಂಬ ಕೋಷ್ಟಕಗಳ (ಫಾಂಟಿನೊಳಗಿನ ಮಾಹಿತಿಯ ಭಾಗಗಳ) ಹೆಸರುಗಳು ಮಾತ್ರ ದೊಡ್ಡಕ್ಷರದಲ್ಲಿರಲಿ.

ಪ್ರಶ್ನೆ: ಜಾಲತಾಣಕ್ಕಾಗಿ ಫಾಂಟಿನ ಗಾತ್ರ ಇಳಿಸಿದೆ. ಬಿಡಿ ಅಕ್ಷರ ಸರಿಯಿದೆ, ಆದರೆ ‘ಶಕ್ತಿ’ ಬರೆದರೆ ಹಲಂತ, ಗುಡಿಸು ಎಲ್ಲ ಬೇರೆಬೇರೆ ನಿಲ್ಲುತ್ತವೆ. ಫಾಂಟ್ ಎಡಿಟರ್ ಇಲ್ಲದೆ ತಪ್ಪು ಹುಡುಕುವುದು ಹೇಗೆ?

ಉತ್ತರ: ಬಿಡಿ ಅಕ್ಷರ ಮೂಡುತ್ತಿರುವುದರಿಂದ ಸಂಕೇತಕ್ಕೆ ಆಕಾರ ಹೊಂದಿಸುವ ಸಿಮ್ಯಾಪ್ ಕೋಷ್ಟಕ ಚೆನ್ನಾಗಿದೆ. ಅನುಮಾನ, ಒಂದು ಆಕಾರದ ಬದಲು ಇನ್ನೊಂದನ್ನು ಕೂರಿಸುವ ಜಿಸಬ್ (ಜಿ-ಎಸ್-ಯು-ಬಿ) ಮೇಲೆ. ಒತ್ತಿಗೆ ಸ್ವಂತ ಯೂನಿಕೋಡ್ ಸಂಕೇತವಿಲ್ಲ; ಅದನ್ನು ತಲುಪುವ ದಾರಿ ಈ ಕೋಷ್ಟಕವೇ.

‘ಪಿಪ್ ಇನ್‌ಸ್ಟಾಲ್ ಫಾಂಟ್‌ಟೂಲ್ಸ್’ ಕೊಟ್ಟರೆ (ಪಿಪ್ ಎಂದರೆ ಪೈಥಾನ್ ಸಾಧನಗಳನ್ನು ಹಾಕುವ ಆದೇಶ) ಫಾಂಟಿನ ಕೋಷ್ಟಕಗಳನ್ನು ಓದಬಲ್ಲ ಪಠ್ಯವಾಗಿಸುವ ಟಿಟಿಎಕ್ಸ್ ಸಿಗುತ್ತದೆ. ‘ಟಿಟಿಎಕ್ಸ್ -ಎಲ್’ ಬರೆದು ಮುಂದೆ ಕಡತದ ಹೆಸರು ಕೊಡಿ. ಪ್ರತಿ ಕೋಷ್ಟಕದ ಹೆಸರು, ಚೆಕ್‌ಸಮ್, ಉದ್ದ, ಆರಂಭದ ಸ್ಥಾನ ಬರುತ್ತವೆ. ಮೂಲ ಫಾಂಟಿನದನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ. ಜಿಸಬ್ ಸಾಲೇ ಇಲ್ಲವಾದರೆ ಅಥವಾ ಅದರ ಉದ್ದ ವಿಪರೀತ ಕುಗ್ಗಿದ್ದರೆ ಕಳ್ಳ ಸಿಕ್ಕಂತೆ.

ಗುಣಿತ ಸರಿಯಿದ್ದು ಒತ್ತು ಮಾತ್ರ ಕೆಟ್ಟಿದ್ದರೆ ‘ಟಿಟಿಎಕ್ಸ್ -ಟಿ ಜಿಸಬ್ -ಓ -’ ಎಂದು ಬರೆದು, ಮುಂದೆ ಕಡತದ ಹೆಸರು ಕೊಟ್ಟು ಆ ಕೋಷ್ಟಕವನ್ನಷ್ಟೇ ತೆರೆಯಿರಿ. ಲಿಪಿಯ ಗುರುತು ಕೆ-ಎನ್-ಡಿ-2 ಇರಬೇಕು (ಹಳೆಯ ಫಾಂಟಿನಲ್ಲಿ ಕೆ-ಎನ್-ಡಿ-ಎ), ಅದರಡಿ ಬಿ-ಎಲ್-ಡಬ್ಲ್ಯೂ-ಎಫ್ (ಅಕ್ಷರದ ಕೆಳಗಿನ ರೂಪ ತರುವ ನಿಯಮ) ಇದೆಯೇ ನೋಡಿ. ಒತ್ತು ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ.

ಕೊನೆಯ ಪರೀಕ್ಷೆ, ಅಕ್ಷರಗಳನ್ನು ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಝ್‌ನ ‘ಎಚ್‌ಬಿ-ಶೇಪ್’. ಫಾಂಟನ್ನೂ ‘ಕ್ತಿ’ಯನ್ನೂ ಕೊಡಿ. ಒಳಹೋಗುವುದು ನಾಲ್ಕು ಸಂಕೇತ. ಹೆಚ್ಚಿನ ಫಾಂಟುಗಳಲ್ಲಿ ಹೊರಬರುವುದು ‘ಕಿ’ ಮತ್ತು ತ-ಒತ್ತು, ಎರಡೇ ಗ್ಲಿಫ್ (ಅಕ್ಷರದ ಆಕಾರ). ನಾಲ್ಕಕ್ಕೆ ನಾಲ್ಕೂ ಬಂದರೆ ಜೋಡಣೆ ಆಗಿಲ್ಲ. ಇಲ್ಲಿ ಸರಿಯಾಗಿ ಬಂದು ತಂತ್ರಾಂಶದಲ್ಲಷ್ಟೇ ಕೆಟ್ಟರೆ ಫಾಂಟನ್ನು ಬಯ್ಯಬೇಡಿ.

ಮತ್ತೆ ಗಾತ್ರ ಇಳಿಸುವಾಗ, ಬೇಡದ ಅಕ್ಷರಗಳನ್ನು ತೆಗೆಯುವ ಸಾಧನವಾದ ಪಿವೈಎಫ್‌ಟಿಸಬ್‌ಸೆಟ್‌ಗೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಇಡೀ ಶ್ರೇಣಿ ಕೊಡಿ, ಜೊತೆಗೆ 200ಸಿ ಮತ್ತು 200ಡಿ (ಅಕ್ಷರಗಳ ಜೋಡಣೆಯನ್ನು ತಡೆಯುವ, ಕೂಡಿಸುವ ಕಾಣದ ಗುರುತುಗಳು). ಅಕ್ಷರ ಹೆಕ್ಕಲು ಹೋಗಿ ಹಲಂತ (0ಸಿಸಿಡಿ) ಬಿಟ್ಟರೆ, ದಾರಿಯಿಲ್ಲದ ಒತ್ತುಗಳನ್ನೆಲ್ಲ ಅದು ಕಸವೆಂದು ಎಸೆಯುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಒತ್ತಿನ ಬುಡ ಕತ್ತರಿಸಿದಂತೆ ಕಾಣುತ್ತದೆ. ಇದೂ ಜಿಸಬ್ ದೋಷವೇ?

ಉತ್ತರ: ಅಲ್ಲ, ಅಳತೆಯದು. ಹೆಡ್ ಕೋಷ್ಟಕದ ವೈಮಿನ್ (ಅಕ್ಷರಗಳ ಅತಿ ಕೆಳಗಿನ ಬಿಂದು) ಮತ್ತು ಓಎಸ್/2 ಕೋಷ್ಟಕದ ಯುಎಸ್‌ವಿನ್‌ಡಿಸೆಂಟ್ (ವಿಂಡೋಸ್ ಕೆಳಗೆ ಎಲ್ಲಿಯವರೆಗೆ ತೋರಿಸಬೇಕೆಂಬ ಮಿತಿ) ಹೋಲಿಸಿ. ಮೊದಲನೆಯದು -620, ಎರಡನೆಯದು 400 ಎಂದಿದ್ದರೆ 220 ಯೂನಿಟ್ ಕತ್ತರಿಗೆ ಸಿಗಬಹುದು. ಎರಡನೆಯದು ಧನಸಂಖ್ಯೆ, ಋಣಚಿಹ್ನೆ ಹಾಕಬೇಡಿ. ಓಎಸ್/2 ಕೋಷ್ಟಕವನ್ನಷ್ಟೇ ತೆಗೆದು ತಿದ್ದಿ, ‘-ಎಂ’ ಆಯ್ಕೆಯಲ್ಲಿ ಮೂಲ ಫಾಂಟ್ ಕೊಟ್ಟು ಟಿಟಿಎಕ್ಸ್‌ನಿಂದಲೇ ಮರಳಿ ಕಟ್ಟಿಸಿ. ಸಾಲುಗಳ ನಡುವಿನ ಅಂತರ ಹಿಗ್ಗಬಹುದು. ತಿದ್ದಲು ಪರವಾನಗಿ ಒಪ್ಪುತ್ತದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ವಾಫ್2 (ಜಾಲತಾಣಕ್ಕಾಗಿ ಕುಗ್ಗಿಸಿದ ಫಾಂಟ್) ಕಡತವನ್ನು ಟಿಟಿಎಕ್ಸ್ ತೆರೆಯುತ್ತಿಲ್ಲ.

ಉತ್ತರ: ಕುಗ್ಗಿಸಿದ್ದನ್ನು ಬಿಡಿಸುವ ಬ್ರಾಟ್ಲಿ ಮಾಡ್ಯೂಲ್ ಇಲ್ಲ. ಪಿಪ್‌ನಿಂದ ಹಾಕಿಕೊಳ್ಳಿ.