ಕರುವಿಗೆ ನ್ಯುಮೋನಿಯಾ: ನೇರವಾಗಿ ಶ್ವಾಸಕೋಶಕ್ಕೆ ಹೋಗುವ ಸ್ಟ್ರಾಂಗ್ ಆಂಟಿಬಯೋಟಿಕ್ ಯಾವುದು?

ಎರಡು ತಿಂಗಳ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕರು, ಹೊಟ್ಟೆ ಎಳೆದು ಎಳೆದು ಉಸಿರಾಡುತ್ತಿದೆ, ಇಂಜೆಕ್ಷನ್ ಹಾಕಿಸಿದರೂ ಜ್ವರ ತಿರುಗಿ ಬಂತು, ಹಾಗಾಗಿ ಔಷಧಿ ಶ್ವಾಸಕೋಶಕ್ಕೆ ಹೋಗುತ್ತಾನೇ ಇಲ್ಲ ಅನ್ನೋದು ನಿಮ್ಮ ಅನುಮಾನ, ಅಲ್ವಾ? ನಾನೂ ಇದೇ ಮಾತನ್ನು ನಮ್ಮ ಡಾಕ್ಟರ ಮುಂದೆ ಜೋರಾಗಿಯೇ ಹೇಳಿದ್ದೆ. "ಸಾರ್, ಇದು ಮೈಗೆಲ್ಲ ಹೋಗುತ್ತೆ, ಎದೆಗೆ ಹೋಗಲ್ಲ. ಎದೆಗೆ ಹೋಗೋದು ಯಾವುದಿದೆ ಅದನ್ನ ಕೊಡಿ." ಅವರು ಉತ್ತರ ಕೊಡದೆ ಸ್ಟೆತಾಸ್ಕೋಪನ್ನು ಕರುವಿನ ಮುಂಗಾಲಿನ ಹಿಂದೆ ಇಟ್ಟು ಕೇಳುತ್ತಾ ಕೂತರು.

ನಮ್ಮದು ಜಗಳೂರು ಕಡೆ. ದೀಪಾವಳಿ ಕಳೆದ ಮೇಲೆ ರಾತ್ರಿ ಥಂಡಿ, ಹಗಲು ಬಿಸಿಲು. ಕೊಟ್ಟಿಗೆ ಪಕ್ಕದಲ್ಲೇ ಮೆಕ್ಕೆಜೋಳದ ಒಕ್ಕಣೆ, ಧೂಳು ಅಂದರೆ ಧೂಳು. ನಮ್ಮ ಕರು ಕೆಮ್ಮೋಕೆ ಶುರು ಮಾಡಿತು. ಡಾಕ್ಟರು ಬಂದು ಎನ್‌ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಹಾಕಿದರು, ಜೊತೆಗೆ ಜ್ವರ, ನೋವಿಗೆ ಮೆಲಾಕ್ಸಿಕ್ಯಾಂ. ಕೋರ್ಸ್ ಪೂರ್ತಿ ಮುಗಿಸಿ, ನಡುವೆ ಬಿಡಬೇಡಿ ಅಂತ ಹೇಳಿಯೇ ಹೋದರು. ಮಾರನೇ ದಿನ ಕರು ಎದ್ದು ಹಾಲು ಕುಡಿಯಿತು. ಬಾಲ ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಓಡಿತು ಕೂಡ. ಒಕ್ಕಣೆ ಗಡಿಬಿಡಿ ಬೇರೆ. ಇಂಜೆಕ್ಷನ್ ನಿಲ್ಲಿಸಿಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವತ್ತು ಇಳಿದದ್ದು ಜ್ವರ, ರೋಗ ಅಲ್ಲ. ಎರಡು ಸಿರಿಂಜಿಗೂ ಬೇರೆ ಬೇರೆ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಮೆಲಾಕ್ಸಿಕ್ಯಾಂ ಒಂದೂ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಅದು ಊತ, ನೋವು, ಜ್ವರ ತಗ್ಗಿಸುತ್ತದೆ ಅಷ್ಟೆ. ಕರುವಿಗೆ ಹಾಯೆನಿಸುತ್ತದೆ, ಹಸಿವಾಗುತ್ತದೆ, ಥರ್ಮಾಮೀಟರ್ ಕೂಡ 102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ತೋರಿಸುತ್ತದೆ, ಕರುವಿಗೆ ಅದು ನಾರ್ಮಲ್. ಒಳಗೆ ರೋಗಾಣು ಕಮ್ಮಿಯಾಗಿರುತ್ತವೆ, ಮುಗಿದಿರುವುದಿಲ್ಲ. ದಿನಾ ಕೊಡಬೇಕಾದ ಆಂಟಿಬಯೋಟಿಕ್ ಒಂದು ದಿನ ತಪ್ಪಿದರೂ ರಕ್ತದಲ್ಲಿ ಅದರ ಪ್ರಮಾಣ ಇಳಿದುಹೋಗುತ್ತದೆ, ಉಳಿದವು ಮತ್ತೆ ಬೆಳೆಯುತ್ತವೆ. ಜ್ವರ ತಿರುಗಿ ಬಂದಾಗಲಾದರೂ ಡಾಕ್ಟರಿಗೆ ಹೇಳಬೇಕಿತ್ತು. ನಾನು ಮೆಡಿಕಲ್ ಶಾಪಿಗೆ ಹೋಗಿ, ಅವರಿವರು ಹೇಳಿದ್ದು ಕೇಳಿ ಸೆಫ್ಟ್ರಿಯಾಕ್ಸೋನ್ ಅನ್ನೋ ಬೇರೆ ಆಂಟಿಬಯೋಟಿಕ್ ತಂದೆ, ಅದಾದ ಮೇಲೆ ಜೆಂಟಾಮೈಸಿನ್. ಡಾಕ್ಟರ ಮುಂದೆ ಕೂಗಾಡಿದ್ದು ಇಷ್ಟೆಲ್ಲ ಆದ ಮೇಲೆ.

ಕರು ಉಳಿಯಲಿಲ್ಲ. ಕೊಯ್ದು ತೋರಿಸಿದರು. ಶ್ವಾಸಕೋಶದ ಹಿಂಭಾಗ ತಿಳಿ ಗುಲಾಬಿ, ಮೆತ್ತಗೆ. ಮುಂದಿನ ಕೆಳಭಾಗ ಮಾತ್ರ ಲಿವರ್ ಥರ ಕಪ್ಪು ಕೆಂಪಾಗಿ ಗಟ್ಟಿಯಾಗಿತ್ತು. ಅದರ ತುಂಡು ಬಕೆಟ್ ನೀರಿಗೆ ಹಾಕಿದರೆ ಮುಳುಗಿತು, ಹಿಂಭಾಗದ ತುಂಡು ತೇಲಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಕತ್ತಿಗೆ ಹಾಕಿದ ಇಂಜೆಕ್ಷನ್ ರಕ್ತಕ್ಕೆ ಸೇರಿ ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ಮೊದಲು ಹೋಗುವುದೇ ಶ್ವಾಸಕೋಶಕ್ಕೆ. ದೇಹದ ರಕ್ತವೆಲ್ಲ ಅಲ್ಲಿ ಹಾದೇ ಹೋಗಬೇಕು. ರಕ್ತದಿಂದ ಆಚೆ ದಾಟುವುದರಲ್ಲಿ ವ್ಯತ್ಯಾಸ ಇದೆ, ನಿಜ. ಕೊಬ್ಬಿನಲ್ಲಿ ಕರಗುವ ಎನ್‌ರೋಫ್ಲಾಕ್ಸಾಸಿನ್, ಫ್ಲೋರ್‌ಫೆನಿಕಾಲ್, ಆಕ್ಸಿಟೆಟ್ರಾಸೈಕ್ಲಿನ್ ಚೆನ್ನಾಗಿಯೇ ದಾಟುತ್ತವೆ. ಟುಲಾಥ್ರೋಮೈಸಿನ್ ಥರದವು ಬಿಳಿ ರಕ್ತಕಣಗಳ ಒಳಗೆ ತುಂಬಿಕೊಳ್ಳುತ್ತವೆ, ಆ ಕಣಗಳು ಸೋಂಕು ಇರುವ ಕಡೆಗೇ ಓಡುತ್ತವೆ. ಅದಕ್ಕೇ ಅದು ರಕ್ತಕ್ಕಿಂತ ಶ್ವಾಸಕೋಶದಲ್ಲಿ ಹಲವು ಪಟ್ಟು ಜಾಸ್ತಿ ಇದ್ದು ದಿನಗಟ್ಟಲೆ ಉಳಿಯುತ್ತದೆ. ನಾನು ಹಾಕಿದ ಜೆಂಟಾಮೈಸಿನ್ ನೀರಿನಲ್ಲಿ ಕರಗುವಂಥದ್ದು, ದಾಟುವುದು ಕಷ್ಟ, ಮೇಲಾಗಿ ಕಿಡ್ನಿಗೆ ಪೆಟ್ಟು. ಸೆಫ್ಟ್ರಿಯಾಕ್ಸೋನ್ ಒಡೆಯುವುದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು. ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೆ ಗೋಡೆಯೇ ಇಲ್ಲ, ಔಷಧಿ ತಲುಪಿ ಏನು ಬಂತು?

ಆದರೆ ಇದೆಲ್ಲ ರಕ್ತ ಓಡಾಡುವ ಜಾಗದ ಮಾತು. ಗಟ್ಟಿಯಾದ ಭಾಗದಲ್ಲಿ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿರುತ್ತವೆ, ಕೀವಿನ ಸುತ್ತ ದಪ್ಪ ಪೊರೆ ಕಟ್ಟಿರುತ್ತದೆ. ಎಷ್ಟು ದುಡ್ಡಿನ ಇಂಜೆಕ್ಷನ್ ತಂದರೂ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ನೀಲಗಿರಿ ಎಣ್ಣೆಯ ಆವಿ ಕೊಡಲಾ ಅಂತಲೂ ಕೇಳಿದ್ದೀರಿ. ಆವಿ ಹೋಗುವುದು ಗಾಳಿ ಹೋಗುವ ಕಡೆ. ದನದ ಶ್ವಾಸಕೋಶದಲ್ಲಿ ಒಂದೊಂದು ಭಾಗಕ್ಕೂ ನಡುವೆ ದಪ್ಪ ಗೋಡೆ, ಒಂದು ಮುಚ್ಚಿದರೆ ಪಕ್ಕದ್ದರಿಂದ ಗಾಳಿ ನುಗ್ಗುವುದಿಲ್ಲ. ಸುಮ್ನೆ ಕರುವಿಗೆ ಹಿಂಸೆ.

ಯಾವ ಔಷಧಿ ಅನ್ನೋದಕ್ಕಿಂತ ಯಾವ ದಿನ ಶುರುವಾಯ್ತು, ಎಷ್ಟು ದಿನ ಬಿಡದೆ ನಡೀತು ಅನ್ನೋದೇ ದೊಡ್ಡದು. ಕಿವಿ ಜೋಲು ಬಿದ್ದು, ಜ್ವರ 103 ದಾಟಿದ ದಿನವೇ ಕರೆಸಬೇಕು. ಕರುವಿನ ತೂಕ ನೋಡಿಯೇ ಡೋಸ್, ಅಂದಾಜಿನ ಮೇಲಲ್ಲ. ಔಷಧಿ ಬದಲಾಯಿಸಬೇಕೋ ಬೇಡವೋ ಅಂತ ಡಾಕ್ಟರು ಎದೆ ಕೇಳಿ ಹೇಳಲಿ, ಅಂಗಡಿಯವರಲ್ಲ. ಇನ್ನೊಂದು, ಗೊಟ್ಟದಲ್ಲಿ (ಔಷಧಿ ಹುಯ್ಯುವ ಬಿದಿರಿನ ಕೊಳವೆ) ಎಣ್ಣೆ, ಕಷಾಯ ಅಂತ ಏನನ್ನೂ ಹುಯ್ಯಬೇಡಿ. ಏದುಸಿರು ಬಿಡುತ್ತಿರುವ ಕರುವಿನ ತಲೆ ಎತ್ತಿ ಹುಯ್ದರೆ ಅರ್ಧ ಶ್ವಾಸನಾಳಕ್ಕೇ ಹೋಗುತ್ತದೆ, ಅದೇ ಇನ್ನೊಂದು ನ್ಯುಮೋನಿಯಾ.

ಇವತ್ತೇ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಇದುವರೆಗೆ ಹಾಕಿಸಿದ ಇಂಜೆಕ್ಷನ್‌ಗಳ ಖಾಲಿ ಬಾಟಲಿ ಎಸೆಯಬೇಡಿ, ಯಾವುದನ್ನು ಯಾವತ್ತು ಹಾಕಿದ್ದು ಅಂತ ಮೇಲೆ ಪೆನ್ನಿನಲ್ಲಿ ಬರೆದಿಡಿ. ಡಾಕ್ಟರು ಬಂದ ತಕ್ಷಣ ಕೇಳುವುದು ಅದನ್ನೇ.